ಘಟ್ಟ ಇಳಿಯುವ ಗೆಳೆಯರಿಗೆ ಬಾಡಿಗೆ ಮನೆಯ ಮಾತು

(ಹಾಸನ ಕಡೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಆಡಿದ ಹಾಗೆಯೇ ಬರೆದುಕೊಂಡದ್ದು.)



ನನಗೆ ಕೊಟ್ಟಿದ್ದ ವಿಷಯ ಬೇರೆ. ಚೀಟಿಯಲ್ಲಿ 'ಚಳವಳಿಯ ಮುಂದಿನ ದಾರಿ' ಅಂತ ಬರೆದಿದ್ದಾರೆ. ಆದರೆ ಆಗಲೇ ಅಡುಗೆಮನೆ ಹತ್ತಿರ ಟೀ ಕುಡಿಯುತ್ತಿದ್ದಾಗ ಮೂರು ಜನ ಹುಡುಗರು ನನ್ನನ್ನು ಹಿಡಕೊಂಡರು. ಒಬ್ಬನಿಗೆ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ ಆಗುವ ಹಾಗಿದೆ. ಇನ್ನೊಬ್ಬ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರುವವನು. ಮೂರನೆಯವನಿಗೆ ಇನ್ನೂ ಏನೂ ಗೊತ್ತಾಗಿಲ್ಲ, ಆದರೆ ಊರು ಬಿಡಬೇಕು, ಸಮುದ್ರ ಇರುವ ಕಡೆ ಹೋಗಬೇಕು, ಅಷ್ಟೆ. ಮೂವರದೂ ಒಂದೇ ಪ್ರಶ್ನೆ: 'ಅಣ್ಣ, ನೀವು ಆ ಕಡೆ ಹದಿನಾಲ್ಕು ವರ್ಷ ಇದ್ದವರು. ಮಂಗಳೂರೋ ಉಡುಪಿಯೋ ಕಾರವಾರವೋ? ಎಲ್ಲಿ ನಮಗೆ ಮನೆ ಕೊಡ್ತಾರೆ?'

ಚಳವಳಿಯ ಮುಂದಿನ ದಾರಿ ಈ ತಿಂಗಳು ನಿಮ್ಮ ಪಾಲಿಗೆ ಇದೇ ಪ್ರಶ್ನೆ. ಅದಕ್ಕೇ ಚೀಟಿಯನ್ನು ಜೇಬಿಗೆ ಹಾಕಿಕೊಂಡಿದ್ದೇನೆ.

ಹಾಸ್ಟೆಲಿನಲ್ಲಿ ಇರುವ ತನಕ ಬಾಡಿಗೆ ಅಂದರೆ ಏನು ಅಂತ ನಮಗೆ ಗೊತ್ತಾಗುವುದಿಲ್ಲ. ಸಾರು ನೀರಾಗಿರಬಹುದು, ಒಂದು ರೂಮಿಗೆ ಎಂಟು ಜನ ತುಂಬಿರಬಹುದು, ವಾರ್ಡನ್ ಸಾಹೇಬರು ಕೇಳಿಸಿಕೊಳ್ಳಲಿ ಅಂತಲೇ ಹೇಳ್ತಿದ್ದೇನೆ. ಆದರೆ ಇಲ್ಲಿ ಬಾಗಿಲಲ್ಲಿ ನಿಂತು 'ನೀವು ಯಾವ ಜನ?' ಅಂತ ಯಾರೂ ಕೇಳುವುದಿಲ್ಲ. ಜಾತಿ ಸರ್ಟಿಫಿಕೇಟು ತೋರಿಸಿದರೆ ಒಳಗೆ ಬಿಡುವ ಮನೆ ನಮಗೆ ಇದೊಂದೇ. ಪರೀಕ್ಷೆ ಮುಗಿದ ಮಾರನೆ ದಿನ ಟ್ರಂಕು ಹೊತ್ತು ಗೇಟು ದಾಟಿದಿರೋ, ಅದೇ ಸರ್ಟಿಫಿಕೇಟು ನಿಮ್ಮನ್ನು ಹೊರಗೆ ನಿಲ್ಲಿಸುತ್ತೆ.

ಬಾಬಾಸಾಹೇಬರ ಕತೆ ನಿಮಗೆ ಗೊತ್ತಿದೆ. ಆದರೂ ಇವತ್ತು ಅದನ್ನು ಬಾಡಿಗೆದಾರನ ಕಣ್ಣಿನಿಂದ ನೋಡಿ. 1917. ಅಮೆರಿಕದಲ್ಲಿ ಓದಿ, ಲಂಡನ್ನು ನೋಡಿ ಬಂದ ಮನುಷ್ಯ. ಬರೋಡಾ ಮಹಾರಾಜರ ಸರ್ಕಾರದಲ್ಲಿ ಕೆಲಸ. ಕೆಲಸ ಇದೆ, ಸಂಬಳ ಇದೆ, ಇರಲು ಜಾಗ ಇಲ್ಲ. ಹಿಂದೂ ಹೋಟೆಲಿನಲ್ಲಿ ಸೇರಿಸುವುದಿಲ್ಲ ಅಂತ ಪಾರ್ಸಿಗಳ ವಸತಿಗೃಹಕ್ಕೆ ಹೋದರು. ಪಾರ್ಸಿಗಳಿಗೆ ಮಾತ್ರ ಜಾಗ ಅಂದದ್ದಕ್ಕೆ ಪಾರ್ಸಿ ಹೆಸರೊಂದನ್ನು ಪುಸ್ತಕದಲ್ಲಿ ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಮೇಲಿನ ಅಟ್ಟದಲ್ಲಿ ಉಳಿದರು. ಹನ್ನೊಂದನೆ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳು ಬಂದು ನಿಂತರು. ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಆಮೇಲೆ ಇಬ್ಬರು ಸ್ನೇಹಿತರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಹಿಂದೂ ಸ್ನೇಹಿತ, ನೀನು ಬಂದರೆ ನನ್ನ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಕ್ರಿಶ್ಚಿಯನ್ ಸ್ನೇಹಿತ, ನಾಳೆ ಹೆಂಡತಿ ಬರ್ತಾಳೆ, ಅವಳನ್ನು ಕೇಳಬೇಕು ಅಂದ. ಬಾಬಾಸಾಹೇಬರು ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದು ರಾತ್ರಿ ರೈಲಿಗೆ ಮುಂಬಯಿಗೆ ಹೊರಟರು. ಕೆಲಸವೂ ಹೋಯಿತು.

ನೂರು ವರ್ಷ ದಾಟಿದೆ. ಆ ಇಬ್ಬರು ಸ್ನೇಹಿತರ ಮಾತು ಇನ್ನೂ ಸತ್ತಿಲ್ಲ. 'ನಮ್ಮದೇನೂ ಇಲ್ಲ ಮಾರಾಯ್ರೆ, ಮನೆಯಲ್ಲಿ ಅಮ್ಮ ಇದ್ದಾರೆ.' 'ಅಕ್ಕನ ಮಗ ದುಬೈಯಿಂದ ಬರ್ತಾನೆ, ಅವನಿಗೆ ಬೇಕು.' ಬಾಡಿಗೆ ಹುಡುಕುವ ದಲಿತ ಹುಡುಗ ಒಂದು ವರ್ಷದಲ್ಲಿ ಕೇಳುವಷ್ಟು ಅಕ್ಕನ ಮಕ್ಕಳು ಇಡೀ ದುಬೈಯಲ್ಲಿ ಇಲ್ಲ.

ನನ್ನದನ್ನೂ ಹೇಳ್ತೀನಿ. ಊರಿನ ಹೆಸರು ಬೇಡ, ಮನೆಯವರ ಹೆಸರೂ ಬೇಡ. ಡಿಗ್ರಿ ಮುಗಿಸಿ ಕಡಲ ತೀರದ ಒಂದು ಊರಿನಲ್ಲಿ ಕೆಲಸಕ್ಕೆ ಸೇರಿದೆ. ಹೆಂಚಿನ ಮನೆ, ಹಿಂದೆ ಒಂದು ಕೋಣೆ, ಅಂಗಳದಲ್ಲಿ ಬಾವಿ. ಯಜಮಾನರು ಒಳ್ಳೆಯ ಮನುಷ್ಯ. 'ಹಾಸನವಾ? ಹಾಗಾದರೆ ಗೌಡ್ರು' ಅಂದರು. ಆ ಕಡೆಯವರಿಗೆ ನಾವೆಲ್ಲ ಘಟ್ಟದವರು, ಘಟ್ಟದವರೆಲ್ಲ ಗೌಡ್ರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಕ್ಕೆ. ಆ ನಗುವಿಗೆ ನನಗೆ ಮನೆ ಸಿಕ್ಕಿತು.

ಏಳು ತಿಂಗಳು ಚೆನ್ನಾಗಿಯೇ ಇದ್ದೆ. ಆಮೇಲೆ ಅಮ್ಮ ಮಗನ ಮನೆ ನೋಡಬೇಕು ಅಂತ ಹೊರಟು ಬಂದಳು. ಹತ್ತು ದಿನ ಇರ್ತೀನಿ ಅಂತ ರಾಗಿಹಿಟ್ಟು ಕಟ್ಟಿಕೊಂಡು ಬಂದಿದ್ದಳು. ಬಸ್‌ಸ್ಟ್ಯಾಂಡಿನಲ್ಲೇ ಅವಳಿಗೆ ಹೇಳಿದೆ: 'ಅಮ್ಮ, ಕೇಳಿದರೆ ಗೌಡರು ಅಂತ ಹೇಳು.' ಅವಳು ಏನೂ ಅನ್ನಲಿಲ್ಲ. ಮೂರು ದಿನ ಆ ಬಾವಿಯ ಹಗ್ಗ ಮುಟ್ಟಲಿಲ್ಲ. ಮುಖ ತೊಳೆಯಲೂ ನಾನೇ ಸೇದಿ ಕೊಡಬೇಕು. ಮನೆಯಾಕೆ ಪ್ರೀತಿಯಿಂದ ಬಂಗುಡೆ ಸಾರು ತಂದುಕೊಟ್ಟು, ಜಗಲಿಯಲ್ಲಿ ಕೂತು 'ನಿಮಗೆ ಎಷ್ಟು ಎಕರೆ ಗದ್ದೆ?' ಅಂತ ಕೇಳಿದರು. ಅಮ್ಮ ಎಲೆಅಡಿಕೆ ಅಗಿಯುತ್ತ ಸುಮ್ಮನೆ ಕೂತಳು. ನಾಲ್ಕನೆ ದಿನ ಬೆಳಿಗ್ಗೆ ಚೀಲ ಹಿಡಿದು ಎದ್ದಳು. ಬಸ್ ಹೊರಡುವ ಮುಂಚೆ ಕಿಟಕಿಯಿಂದ ಒಂದೇ ಮಾತು ಅಂದಳು: 'ನಿಮ್ಮಪ್ಪನ ಹೆಸರು ಕೇಳಿದ್ರೆ ಏನು ಹೇಳಬೇಕು ಅಂತ ನೀನು ಹೇಳಿಕೊಡಲಿಲ್ಲವಲ್ಲೋ.'

ಅದೇ ವಾರ ಯಜಮಾನರಿಗೆ ಹೇಳಿದೆ. ಅವರು ಕೂಗಾಡಲಿಲ್ಲ, ಬೈಯಲಿಲ್ಲ. 'ಅದಕ್ಕೇನಂತೆ' ಅಂದರು. ತಿಂಗಳ ಕೊನೆಗೆ ಅಕ್ಕನ ಮಗ ಬರುವ ಸುದ್ದಿ ಬಂತು. ಆ ಮಳೆಗಾಲ ಪೂರ್ತಿ ಆ ಕೋಣೆಗೆ ಬೀಗ ಬಿದ್ದಿತ್ತು. ನಾನು ದಿನಾ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗ್ತಿದ್ದೆ, ನೋಡ್ತಿದ್ದೆ.

ಇದನ್ನು ಹೇಳಿದ್ದು ಮುಚ್ಚಿಟ್ಟವರನ್ನು ಬೈಯಲು ಅಲ್ಲ. ಹೊಟ್ಟೆಪಾಡಿಗೆ ನಕ್ಕವರು ಈ ಸಭೆಯಲ್ಲೂ ಇದ್ದಾರೆ. ಆದರೆ ಆ ಬಾಡಿಗೆಯನ್ನು ನೀವೊಬ್ಬರೇ ಕಟ್ಟುವುದಿಲ್ಲ. ನಿಮ್ಮ ತಾಯಿ ಕಟ್ಟುತ್ತಾಳೆ, ರಜೆಗೆ ಬರುವ ತಂಗಿ ಕಟ್ಟುತ್ತಾಳೆ, ಗೋಡೆಗೆ ಅಂಬೇಡ್ಕರ್ ಫೋಟೋ ಹಾಕದ ಮೊಳೆ ಕಟ್ಟುತ್ತೆ. ಆದ್ದರಿಂದ ಊರು ಆರಿಸುವಾಗ ನನ್ನ ಮೊದಲ ಅಳತೆ ಇದು: ಯಾವ ಊರಿನಲ್ಲಿ ನಿಮ್ಮ ಅಮ್ಮ ಹತ್ತು ದಿನ ಇದ್ದು ಹೋಗಬಹುದು?

ಈಗ ಊರುಗಳ ವಿಚಾರ. ನಾನು ಕಂಡುಕೊಂಡ ಒಂದು ಸತ್ಯ ಏನಪ್ಪ ಅಂದರೆ, ಸುಂದರವಾದ ಊರು, ವಿದ್ಯಾವಂತರ ಊರು ಅಂತ ನೋಡಬೇಡಿ. ಆ ಊರಿಗೆ ಬಾಡಿಗೆಗೆ ಬರುವವರು ಯಾರು ಅಂತ ನೋಡಿ. ಎಲ್ಲಿ ಬೇರೆ ಬೇರೆ ಕಡೆಯ ಕೂಲಿಕಾರರು, ವರ್ಗವಾಗಿ ಬರುವ ನೌಕರರು, ವಿದ್ಯಾರ್ಥಿಗಳು ವರ್ಷಾ ವರ್ಷಾ ಬಂದು ಹೋಗ್ತಾರೋ ಅಲ್ಲಿ ಮನೆ ಕೊಡುವವನ ಬುದ್ಧಿ ಜಾತಿಗಿಂತ ಮೊದಲು ಬಾಡಿಗೆಯ ಕಡೆ ಓಡುತ್ತೆ. ಎಲ್ಲಿ ಬಾಡಿಗೆ ಅನ್ನುವುದು ತನ್ನ ಅಂಗಳದ ಒಂದು ಮೂಲೆಯೋ ಅಲ್ಲಿ ಕುಲ ಗೋತ್ರ ವಿಚಾರಣೆ ಆಗುತ್ತೆ. ಇದು ಅವರ ಹೃದಯದ ಮಾತಲ್ಲ, ವ್ಯಾಪಾರದ ಮಾತು. ಆದರೆ ನಮಗೆ ಇವತ್ತು ತಲೆ ಮೇಲೆ ಸೂರು ಬೇಕು.

ಹಾಗೆ ನೋಡಿದರೆ ಮಂಗಳೂರಿನ ಉತ್ತರದ ಬದಿ, ಅಂದರೆ ಪಣಂಬೂರು, ಬೈಕಂಪಾಡಿ, ಸುರತ್ಕಲ್, ನಮ್ಮಂಥವರಿಗೆ ಪರವಾಗಿಲ್ಲ. ಎಪ್ಪತ್ತರ ದಶಕದಲ್ಲಿ ಬಂದರು ಆಯಿತು, ಆಮೇಲೆ ಗೊಬ್ಬರ, ಅದಿರು, ತೈಲದ ಕಾರ್ಖಾನೆಗಳು ಬಂದವು. ಹೊರಗಿನವರು ಅಲ್ಲಿ ಹೊಸಬರಲ್ಲ. ಗಾಳಿ ಕೆಟ್ಟದ್ದು, ಲಾರಿ ಸದ್ದು ವಿಪರೀತ. ಕೊಣಾಜೆ, ದೇರಳಕಟ್ಟೆ ಕಡೆ 1980ರಲ್ಲಿ ವಿಶ್ವವಿದ್ಯಾಲಯ ಬಂತು, ಆಮೇಲೆ ಮೆಡಿಕಲ್, ನರ್ಸಿಂಗ್ ಕಾಲೇಜುಗಳು. ಕೇರಳದಿಂದಲೂ ಮಕ್ಕಳು ಬರ್ತಾರೆ. ಅಲ್ಲಿ ಕ್ರಿಶ್ಚಿಯನ್ನರ, ಬ್ಯಾರಿಗಳ ಮನೆಗಳೂ ಬಾಡಿಗೆಗೆ ಸಿಗುತ್ತವೆ. ಜಾತಿ ಅವರಲ್ಲಿ ಇಲ್ಲವೇ ಇಲ್ಲ ಅಂತ ನಾನು ಪ್ರಮಾಣ ಮಾಡುವುದಿಲ್ಲ, ಬರೋಡಾದ ಸ್ನೇಹಿತನನ್ನು ಈಗಷ್ಟೆ ನೋಡಿದಿರಿ. ಆದರೆ ನಾನು ಹೆಸರು ಮುಚ್ಚಿಡದೆ ಹಿಡಿದ ಮೊದಲ ಮನೆ ಒಬ್ಬ ಬ್ಯಾರಿ ಮುದುಕನದು. ಅವನು ಕೇಳಿದ್ದು ಎರಡೇ: ಕುಡೀತೀಯಾ? ಬಾಡಿಗೆ ಐದನೆ ತಾರೀಖಿಗೆ ಕೊಡ್ತೀಯಾ?

ಅದೇ ಮಂಗಳೂರಿನ ಇನ್ನೊಂದು ಮುಖವನ್ನು ಮರೆಯಬೇಡಿ. 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದರು. 2012ರಲ್ಲಿ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರನ್ನು ಹೊಡೆದರು. ಯಾರು ಯಾರ ಜೊತೆ ಬಸ್ಸಿನಲ್ಲಿ ಕೂತರು ಅಂತ ಲೆಕ್ಕ ಇಡುವ ಗುಂಪುಗಳು ಅಲ್ಲಿವೆ. ಮುಸ್ಲಿಂ ಗೆಳೆಯನ ಜೊತೆ ರೂಮು ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಮಾಡಿ. ಆದರೆ ಆ ಗುಂಪುಗಳಲ್ಲಿ ಮುಂದೆ ನಿಂತು ಕಲ್ಲು ಹೊಡೆಯಲು ಕರೆಯುವುದು ನಮ್ಮಂಥ ಹುಡುಗರನ್ನೇ. ಊರಿಗೆ ಹೋದ ಮೊದಲ ತಿಂಗಳಲ್ಲೇ ನಿಮಗೆ ಒಂದು ಶಾಲು ಕೊಡಲು ಬರ್ತಾರೆ. ರೂಮು ಕೊಡಲು ಬಾರದವರು ಶಾಲು ಮಾತ್ರ ಯಾಕೆ ಕೊಡ್ತಾರೆ ಅಂತ ಕೇಳಿ.

ಉಡುಪಿ ಅಂದರೆ ಎರಡು ಊರು. ಮಣಿಪಾಲ ಒಂದು. ಅಲ್ಲಿ ದುಡ್ಡೇ ಜಾತಿ. ದೂರದ ರಾಜ್ಯಗಳ ಶ್ರೀಮಂತ ಮಕ್ಕಳಿಗಾಗಿ ಕಟ್ಟಿದ ಕಟ್ಟಡಗಳು, ನಮ್ಮ ಕೈಗೆ ಎಟಕುವುದಿಲ್ಲ. ರಥಬೀದಿಯ ಸುತ್ತಿನ ಉಡುಪಿ ಇನ್ನೊಂದು, ಅಲ್ಲಿ ಪ್ರಶ್ನೆ ಜಾಸ್ತಿ. 2016ರಲ್ಲಿ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ನಮ್ಮವರನ್ನು ಹೊಡೆದ ಮೇಲೆ, ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ 'ಚಲೋ ಉಡುಪಿ' ಜಾಥಾ ಹೊರಟು 9ನೆ ತಾರೀಖು ಅಲ್ಲಿಗೆ ಮುಟ್ಟಿತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಅಂತ ಕೂಗಿದೆವು. ಕೂಗಿ ಬರುವುದು ಒಂದು ದಿನದ ಕೆಲಸ. ಅಲ್ಲೇ ಒಲೆ ಹಚ್ಚಿ ಬದುಕುವುದು ಬೇರೆ. ಮಲ್ಪೆ ಬಂದರಿನ ಕಡೆ ಕೆಲಸವೂ ಇದೆ, ಕೋಣೆಗಳೂ ಇವೆ, ಮೀನಿನ ವಾಸನೆಗೆ ಮೂಗು ಒಗ್ಗಿಸಿಕೊಂಡರೆ ಆಯಿತು.

ಮೀನಿನ ಮಾತು ಬಂತು. ಬೆಂಗಳೂರು ಮೈಸೂರಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನುವ ಬೋರ್ಡು ನಮ್ಮನ್ನು ತಳ್ಳುವ ಸಲೀಸಾದ ಕೋಲು. ಕರಾವಳಿಯಲ್ಲಿ ಆ ಕೋಲು ಅಷ್ಟು ನಡೆಯುವುದಿಲ್ಲ, ಅಲ್ಲಿ ಸಾರಸ್ವತ ಬ್ರಾಹ್ಮಣರಲ್ಲೇ ಮೀನು ತಿನ್ನುವವರಿದ್ದಾರೆ. ಅದಕ್ಕೇ ಪ್ರಶ್ನೆ ಬೇರೆ ದಾರಿಯಲ್ಲಿ ಬರುತ್ತೆ. 'ನಿಮ್ಮ ಬರಿ ಯಾವುದು?' ಅಂತಾರೆ. ಬರಿ ಅಂದರೆ ನಮ್ಮ ಬೆಡಗಿನ ಹಾಗೆ. 'ಮನೆ ದೈವ ಯಾವುದು?' ಅಂತಾರೆ. ಗೊತ್ತಿಲ್ಲದೆ ಉತ್ತರ ಹೇಳಿ ಸಿಕ್ಕಿಹಾಕಿಕೊಳ್ಳಬೇಡಿ.

ಕುಂದಾಪುರ, ಕುಮಟಾ, ಹೊನ್ನಾವರ ಸಣ್ಣ ಊರುಗಳು. ಬಾಡಿಗೆ ಕಡಿಮೆ, ಎಲ್ಲರಿಗೂ ಎಲ್ಲರೂ ಗೊತ್ತು. ಸರ್ಕಾರಿ ಕೆಲಸದ ಆರ್ಡರು ಕೈಯಲ್ಲಿದ್ದರೆ ಹೋಗಿ, ಬರಿಗೈಯಲ್ಲಿ ಬೇಡ.

ಕಾರವಾರದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇದೆ. ಜಿಲ್ಲಾ ಕೇಂದ್ರ, ವರ್ಗವಾಗಿ ಬರುವ ನೌಕರರು ಇದ್ದೇ ಇರ್ತಾರೆ. ಕೈಗಾ ಅಣುಸ್ಥಾವರ, ನೌಕಾನೆಲೆ ಬಂದ ಮೇಲೆ ದೇಶದ ಎಲ್ಲ ಕಡೆಯವರು ಅಲ್ಲಿ ಬಾಡಿಗೆಗೆ ಇದ್ದಾರೆ. ಆ ನೌಕಾನೆಲೆಗಾಗಿ ತೀರದ ಹಳ್ಳಿಗಳ ಜನ ಮನೆ ಮಠ ಬಿಟ್ಟು ಎದ್ದು ಹೋಗಬೇಕಾಯಿತು, ನೀವು ಬಾಡಿಗೆ ಹಿಡಿಯುವ ಗಲ್ಲಿಯಲ್ಲಿ ಅಂಥವರೂ ಸಿಗಬಹುದು. ದೂರ ಮಾತ್ರ ದೂರವೇ. ಮಳೆಗಾಲದಲ್ಲಿ ಹೆದ್ದಾರಿ ನಂಬುವ ಹಾಗಿಲ್ಲ, 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ನೆನಪಿದೆಯಲ್ಲ.

ಗೆಳತಿಯರು ಒಂದು ವಿಷಯ ಗಮನಿಸಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಇಲ್ಲ. ಆದರೆ ಮಂಗಳೂರು, ಉಡುಪಿ ಒಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಊರ ಹೊರಗೆ ಬಾಡಿಗೆ ಕಡಿಮೆ ಅಂತ ಹೋದರೆ ಉಳಿಸಿದ್ದು ಬಸ್ಸಿಗೇ ಆಗುತ್ತೆ. ಉತ್ತರ ಕನ್ನಡಕ್ಕೆ ದಾಟಿದರೆ ಸರ್ಕಾರಿ ಬಸ್ಸೇ ಹೆಚ್ಚು. ಬಾಡಿಗೆ ಲೆಕ್ಕ ಹಾಕುವಾಗ ತಿಂಗಳ ಬಸ್ ಛಾರ್ಜನ್ನು ಕೂಡಿಸಿಯೇ ಲೆಕ್ಕ ಹಾಕಿ. ಹುಡುಗರಿಗೂ ಇದೇ ಮಾತು.

ಇನ್ನು ನೀರು. ಇದನ್ನು ಕೊಂಚ ಬಿಡಿಸಿ ಹೇಳಬೇಕು, ಯಾಕೆಂದರೆ ಕರಾವಳಿಯ ಬಾಡಿಗೆ ಜಗಳ ಹೆಚ್ಚಾಗಿ ಬಾಗಿಲಲ್ಲಿ ಆಗುವುದಿಲ್ಲ, ಬಾವಿಕಟ್ಟೆಯಲ್ಲಿ ಆಗುತ್ತೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು, ಉಡುಪಿಗೆ ಸ್ವರ್ಣಾ ನದಿಯ ಬಜೆಯ ನೀರು. ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ನಾಡು, ಆದರೂ 2019ರ ಬೇಸಗೆಯಲ್ಲಿ ಎರಡೂ ಊರಿನಲ್ಲಿ ನಲ್ಲಿಗೆ ಸರದಿ ಹಾಕಿದರು. ನಲ್ಲಿ ನಿಂತ ದಿನ ಎಲ್ಲರೂ ಬಾವಿಗೆ ಬರ್ತಾರೆ. ಅಲ್ಲಿಯತನಕ ಸುಮ್ಮನಿದ್ದ ಪಕ್ಕದ ಮನೆಯವರು ಆಗ ಬಾಯಿ ಬಿಡ್ತಾರೆ. ಆದ್ದರಿಂದ ಮನೆ ನೋಡಲು ಹೋದಾಗ ಮೊದಲು ಬಾವಿ ನೋಡಿ. ಎಷ್ಟು ಮನೆಗೆ ಒಂದು ಬಾವಿ? ಪಂಪು ಇದೆಯೋ, ಹಗ್ಗವೋ? ಪಂಪು ಇದ್ದರೆ ನಿಮ್ಮ ಕೋಣೆಗೆ ಪೈಪು ಬಂದಿದೆಯೋ? ನಾಚಿಕೆ ಬಿಟ್ಟು ಎದುರಿಗೇ ಒಂದು ಕೊಡ ಸೇದಿ, ಕುಡಿಯಿರಿ. ನೀರಿನ ರುಚಿಯೂ ಗೊತ್ತಾಗುತ್ತೆ, ಜನರ ರುಚಿಯೂ ಗೊತ್ತಾಗುತ್ತೆ. ಅಳಿವೆ ಹತ್ತಿರದ ಮನೆಯಾದರೆ ಏಪ್ರಿಲ್ ಮೇ ಹೊತ್ತಿಗೆ ಬಾವಿ ಉಪ್ಪಾಗುವುದುಂಟು. ಉಳ್ಳಾಲದಂಥ ಕಡೆ ತೀರಕ್ಕೆ ಅಂಟಿದ ಮನೆ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ, ಕಡಲು ಕೊರೆದು ಒಳಗೆ ಬರ್ತಿದೆ.

ಮಳೆಗಾಲದ ಗೋಡೆಯನ್ನೂ ನೋಡಿ. ನೀವು ಹೋಗುವುದು ಜೂನ್ ಜುಲೈ, ಅದೇ ಒಳ್ಳೆಯದು. ಸೋರುವ ಹೆಂಚು, ಬೂಷ್ಟು ಹಿಡಿಯುವ ಮೂಲೆ ಆಗ ಸುಳ್ಳು ಹೇಳುವುದಿಲ್ಲ. ಪುಸ್ತಕಗಳನ್ನು ನೆಲದ ಮೇಲೆ ಇಡಬೇಡಿ.

ಕಾನೂನು ಏನು ಹೇಳುತ್ತೆ ಅಂತ ಆ ಮೂಲೆಯ ಹುಡುಗಿ ಚೀಟಿ ಕಳಿಸಿದ್ದಾಳೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಮೊದಲು ಅದಕ್ಕೆ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಂತ ಹೆಸರಿತ್ತು, 1976ರಲ್ಲಿ ತಿದ್ದಿ ಹೆಸರು ಬದಲಾಯಿಸಿದರು. ಅದರ ನಾಲ್ಕನೆ ಸೆಕ್ಷನ್ ಪ್ರಕಾರ, ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದು ಅಪರಾಧ. ಏಳನೆ ಸೆಕ್ಷನ್ನು ಬಹಿಷ್ಕಾರ ಅಂದರೇನು ಅಂತ ವಿವರಿಸುವಾಗ ಮನೆ ಬಾಡಿಗೆಗೆ ಕೊಡದೆ ಇರುವುದನ್ನೂ ಸೇರಿಸಿದೆ. ಹನ್ನೆರಡನೆ ಸೆಕ್ಷನ್ ನೆನಪಿಡಿ. ಈ ಕಾಯ್ದೆಯ ಅಪರಾಧ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ, ಅದು ಅಸ್ಪೃಶ್ಯತೆಯಿಂದಲೇ ನಡೆದದ್ದು ಅಂತ ಕೋರ್ಟು ಮೊದಲು ಭಾವಿಸುತ್ತೆ. ಅಲ್ಲ ಅಂತ ತೋರಿಸುವ ಹೊಣೆ ಅವನದು. ಶಿಕ್ಷೆ ಒಂದು ತಿಂಗಳಿನಿಂದ ಆರು ತಿಂಗಳು ಜೈಲು, ನೂರರಿಂದ ಐನೂರು ರೂಪಾಯಿ ದಂಡ. ಐನೂರಕ್ಕೆ ಮಂಗಳೂರಿನಲ್ಲಿ ಒಂದು ಕಿಲೋ ಅಂಜಲ್ ಮೀನು ಬರುವುದಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಸೇರಿಸಿದರು. ಅದು ಗಟ್ಟಿ.

ಆದರೆ ಕಾನೂನಿಗೆ ಸಾಕ್ಷಿ ಬೇಕು, ಅಕ್ಕನ ಮಗ ಸಾಕ್ಷಿ ಬಿಡುವುದಿಲ್ಲ. ಅದಕ್ಕೆ ಒಂದು ಉಪಾಯ. ಮನೆ ಇಲ್ಲ ಅಂದರೆ, ಒಂದು ಗಂಟೆ ಬಿಟ್ಟು ಬೇರೆ ಜಾತಿಯ ಗೆಳೆಯ ಅದೇ ನಂಬರಿಗೆ ಫೋನು ಮಾಡಲಿ. ಅವನಿಗೆ ಇದೆ ಅಂದರೆ ತಾರೀಖು, ಹೊತ್ತು ಬರೆದಿಡಿ. ದಿಲ್ಲಿಯ ಸುತ್ತ ಸುಖದೇವ್ ಥೋರಟ್ ಮತ್ತು ಜೊತೆಗಾರರು ಹೀಗೆಯೇ ಹೆಸರು ಬದಲಿಸಿ ಫೋನು ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರು. ಅದೇ ಮನೆ ಮೇಲ್ಜಾತಿಯ ಹೆಸರಿಗೆ ತೆರೆಯುತ್ತೆ, ದಲಿತನಿಗೆ, ಮುಸ್ಲಿಮನಿಗೆ ಮುಚ್ಚುತ್ತೆ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಘಟಕ ಮಂಗಳೂರಿನಲ್ಲಿದೆ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಕರಾರು ಪತ್ರ ಮಾಡಿಸಿಕೊಳ್ಳಿ. ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಸ್ತಾರೆ, ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತೆ ಅಂತ. ಅಡ್ವಾನ್ಸಿಗೆ ರಸೀದಿ ಕೇಳಿ. ನಮ್ಮ ಹುಡುಗರು ಮನೆ ಸಿಕ್ಕ ಸಂತೋಷದಲ್ಲಿ ರಸೀದಿ ಕೇಳಲು ಹೆದರುತ್ತಾರೆ, ಬಿಡುವಾಗ ಅಡ್ವಾನ್ಸು ಸುಣ್ಣಬಣ್ಣಕ್ಕೆ ಹೋಯಿತು ಅನ್ನಿಸಿಕೊಂಡು ಬರ್ತಾರೆ.

ಇನ್ನೊಂದು ಮಾತು ಉಳಿದಿದೆ. ನಾವು ಹೋಗುವ ಊರಿನಲ್ಲಿ ನಮ್ಮವರು ಮೊದಲೇ ಇದ್ದಾರೆ, ಬಾಡಿಗೆದಾರರಾಗಿ ಅಲ್ಲ, ಆ ಮಣ್ಣಿನವರಾಗಿ. ಮುಂಡಾಲರು, ಮೊಗೇರರು, ಕೊರಗರು. ಕೊರಗರಿಗೆ ಮೇಲಿನವರ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾವ್ ಹೆಸರು ಪುರಭವನದ ಮೇಲಿದೆ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ಮಾತ್ರ ಪೂರ್ತಿಯಾಗಿ ಅವರ ಕೈಗೆ ಬಂದಿಲ್ಲ. ಅದಕ್ಕಾಗಿ ಅಲ್ಲಿನ ಸಂಘಟನೆಗಳು ಧರಣಿ ಕೂತಾಗ ನಾವು ಘಟ್ಟದವರು, ನಮಗೇನು ಅಂತ ರೂಮಿನಲ್ಲಿ ಮಲಗಬೇಡಿ. ನನಗೆ ಎರಡನೆ ಮನೆ ಹುಡುಕಿಕೊಟ್ಟದ್ದು ಅಂಥ ಒಂದು ಧರಣಿಯಲ್ಲಿ ಪಕ್ಕ ಕೂತವರು. ಊರಿಗೆ ಹೋದ ದಿನ ಬ್ರೋಕರನ್ನು ಹುಡುಕುವ ಮುಂಚೆ ಅವರನ್ನು ಹುಡುಕಿ. ಯಾವ ಓಣಿಯಲ್ಲಿ ಯಾರು ಹೇಗೆ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ.

ಊಟದ ಗಂಟೆ ಹೊಡೆದಾಯ್ತು. ಕೊಣಾಜೆಗೆ ಹೋಗುವ ಹುಡುಗ ಊಟ ಆದ ಮೇಲೆ ನನ್ನ ಹತ್ತಿರ ಬರಲಿ. ಅಲ್ಲಿ ಒಂದು ಕೋಣೆ ಮುಂದಿನ ತಿಂಗಳು ಖಾಲಿ ಆಗುತ್ತೆ ಅಂತ ಕೇಳಿದ್ದೇನೆ. ಮನೆಯವರಿಗೆ ನಾನೇ ಫೋನು ಮಾಡ್ತೀನಿ. ನಾವು ಯಾರು ಅಂತ ಮೊದಲ ಮಾತಿನಲ್ಲೇ ಹೇಳ್ತೀನಿ, ಅವನ ಅಮ್ಮ ಬಂದು ಹೋಗ್ತಿರ್ತಾಳೆ ಅಂತಲೂ ಹೇಳ್ತೀನಿ.

ಜೈಭೀಮ್.